ಲಾಸ್ಟ್ ಕೋಸ್ಟ್‌ಗೆ ಹೊಸ ಟೆಂಟ್ ಬೇಡ, ರಾತ್ರಿಯ ಉಬ್ಬರ ನೋಡಿ

ಹೊಸ ಟೆಂಟ್ ತಗೋಬೇಡಿ. ದುಡ್ಡು ಉಳಿಸಿಕೊಳ್ಳಿ.

ಹೋದ ಸಲ ತೀರದಲ್ಲಿ ರಾತ್ರಿ ಟೆಂಟ್ ಒಳಗೆ ನೀರು ಬಂತು, ಗೂಟ ಕಿತ್ತುಹೋಯಿತು, ಈಗ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಲಾಸ್ಟ್ ಕೋಸ್ಟ್ ಕಡಲತೀರಕ್ಕೆ ಚಾರಣ ಹೊರಟಿದ್ದೇವೆ, ಇನ್ನೂ ಗಟ್ಟಿ ಟೆಂಟ್ ಯಾವುದು ಅಂತ ಕೇಳಿದ್ದೀರಿ. ನಿಮ್ಮ ಫೋಟೋದಲ್ಲಿ ಟೆಂಟ್‌ಗೆ ಏನೂ ಆಗಿಲ್ಲ. ಅದು ನಿಂತಿರುವ ಜಾಗ ಸರಿಯಿಲ್ಲ, ಅಷ್ಟೇ. ಹಳ್ಳ ಸಮುದ್ರ ಸೇರುವ ಕಡೆ, ನುಣ್ಣನೆಯ ಚಪ್ಪಟೆ ಮರಳು, ಹಿಂದೆ ಸಾಲಾಗಿ ದಿಮ್ಮಿಗಳು, ಬಾಗಿಲು ಸಮುದ್ರದ ಕಡೆಗೆ. ನಾನೂ ಮೊದಮೊದಲು ಇಂಥ ಜಾಗವನ್ನೇ ಹುಡುಕಿ ಹಿಡಿಯುತ್ತಿದ್ದವನು, ಅದಕ್ಕೇ ಬೈಯುವ ಧೈರ್ಯ. ಆ ಮರಳು ಅಷ್ಟು ನುಣ್ಣಗೆ ಯಾಕಿದೆ ಹೇಳಿ? ನೀರು ಬಂದು ಒರೆಸಿಕೊಂಡು ಹೋಗಿದೆ.

ಮೇಲೆ ಒಬ್ಬರು "ಒದ್ದೆ ಗೆರೆಗಿಂತ ಮೇಲೆ ಹಾಕಿದರೆ ಸಾಕು" ಅಂತ ಬರೆದಿದ್ದಾರೆ. ಸಾಕಾಗುವುದಿಲ್ಲ. ಆ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಆದರೆ ಎರಡು ಉಬ್ಬರವೂ ಒಂದೇ ಎತ್ತರ ಇರುವುದಿಲ್ಲ. ಬೇಸಿಗೆಯಲ್ಲಿ, ಅದರಲ್ಲೂ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು, ಚಿಕ್ಕ ಉಬ್ಬರ ಮಧ್ಯಾಹ್ನ ಬರುತ್ತದೆ, ದೊಡ್ಡದು ರಾತ್ರಿ ಬರುತ್ತದೆ. ಮಧ್ಯಾಹ್ನದ್ದು ನಾಲ್ಕೂವರೆ ಅಡಿ ಇದ್ದರೆ ಅದೇ ರಾತ್ರಿಯದು ಆರೂವರೆ ಅಡಿ ಇರಬಹುದು. ನೀವು ಸಂಜೆ ಐದಕ್ಕೆ ಬಂದು ನೋಡುವ ಒದ್ದೆ ಗೆರೆ ಚಿಕ್ಕದರದ್ದು. ಅದರ ಮೇಲೆ ಟೆಂಟ್ ಹೊಡೆದು, ಊಟ ಮಾಡಿ, ನೆಮ್ಮದಿಯಾಗಿ ಮಲಗುತ್ತೀರಿ. ಹನ್ನೊಂದು ಹನ್ನೆರಡಕ್ಕೆ ದೊಡ್ಡದು ಬರುತ್ತದೆ. ಫೋಟೋ ಜೊತೆ ನೀವು ಬರೆದ ಹೊತ್ತು ನೋಡಿದರೆ ನಿಮಗೆ ಆಗಿರುವುದು ಇದೇ. ಇದಕ್ಕೆ ಟೆಂಟ್ ಕಂಪನಿ ಏನು ಮಾಡಬೇಕು? ಚಳಿಗಾಲದಲ್ಲಿ ಲೆಕ್ಕ ತಿರುಗುತ್ತದೆ, ದೊಡ್ಡ ಉಬ್ಬರ ಬೆಳಿಗ್ಗೆ ಬರುತ್ತದೆ. ಆದರೆ ಆಗ ಅಲೆ ಜೋರು, ಹಳ್ಳಗಳು ತುಂಬಿ ದಾಟಲಾಗದಂತಿರುತ್ತವೆ. ಅದು ಬೇರೆಯೇ ಕಥೆ.

ಹಾಗಾಗಿ ಹೋಗುವ ಮೊದಲು ಅಮೆರಿಕದ ಸಾಗರ ಹವಾಮಾನ ಸಂಸ್ಥೆ NOAA ಕೊಡುವ ಉಬ್ಬರದ ಪಟ್ಟಿಯನ್ನು, ಆ ತೀರದ ದಕ್ಷಿಣ ತುದಿಯ ಊರು ಶೆಲ್ಟರ್ ಕೋವ್‌ಗೆ ಇರುವುದನ್ನೇ ತೆಗೆದು, ಕಾಗದದ ಮೇಲೆ ಬರೆದುಕೊಳ್ಳಿ. ಫೋನಿನಲ್ಲಿ ಇದೆ ಅನ್ನಬೇಡಿ. ಅಲ್ಲಿ ಸಿಗ್ನಲ್ ಇಲ್ಲ, ಬ್ಯಾಟರಿ ಚಳಿಗೆ ಕೈಕೊಡುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಪಟ್ಟಿಯಲ್ಲಿ ಆ ಒಂದು ಗಂಟೆ ಸೇರಿಸಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಕೆಲವು ಅಚ್ಚಾದ ಪಟ್ಟಿಗಳಲ್ಲಿ ಸೇರಿಸಿರುವುದಿಲ್ಲ, ಆ ಒಂದು ಗಂಟೆಯಲ್ಲಿ ನೀರು ಮೊಣಕಾಲಿಗೆ ಬರುತ್ತದೆ. ಇನ್ನೊಂದು ವಿಷಯ, ಪಟ್ಟಿಯಲ್ಲಿರುವುದು ಬರೀ ಸೂರ್ಯ ಚಂದ್ರರ ಲೆಕ್ಕ. ಅಲೆಯ ಲೆಕ್ಕ ಅದರಲ್ಲಿಲ್ಲ. ಹವಾಮಾನ ಕೆಟ್ಟು ಗಾಳಿಯ ಒತ್ತಡ ಇಳಿದರೆ ಒಂದು ಹೆಕ್ಟೊಪಾಸ್ಕಲ್‌ಗೆ ಸುಮಾರು ಒಂದು ಸೆಂಟಿಮೀಟರ್‌ನಂತೆ ನೀರು ಮೇಲೇರುತ್ತದೆ. ದೂರದ ಬಿರುಗಾಳಿಯಿಂದ ಬರುವ ಅಲೆಗಳ ನಡುವಿನ ಅಂತರ ಹದಿನೈದು ಸೆಕೆಂಡ್ ದಾಟಿದ್ದರೆ, ಅಲೆ ನೋಡಲು ಸಣ್ಣದಿದ್ದರೂ ತೀರದ ಮೇಲೆ ತುಂಬಾ ದೂರ ಹತ್ತುತ್ತದೆ. ಮುನ್ಸೂಚನೆ ನೋಡುವಾಗ ಅಲೆಯ ಎತ್ತರ ಒಂದನ್ನೇ ನೋಡಿ ಸುಮ್ಮನಾಗಬೇಡಿ, ಈ ಸೆಕೆಂಡ್ ಲೆಕ್ಕವನ್ನೂ ನೋಡಿ.

ಪಟ್ಟಿಗಿಂತ ನಾನು ಜಾಸ್ತಿ ನಂಬುವುದು ನೆಲವನ್ನು. ತೀರದಲ್ಲಿ ಕಡಲಪಾಚಿಯ ಗೆರೆಗಳು ಒಂದಕ್ಕಿಂತ ಹೆಚ್ಚು ಇರುತ್ತವೆ. ಕೆಳಗಿನದು ಹಸಿ, ನೊಣ ಮುತ್ತಿರುತ್ತದೆ. ಅದರ ಮೇಲೆ ಇನ್ನೊಂದು ಒಣಗಿ ಕಪ್ಪಾಗಿರುತ್ತದೆ. ಅದಕ್ಕೂ ಮೇಲೆ ದಿಮ್ಮಿಗಳ ಸಾಲು. ಆ ದಿಮ್ಮಿಗಳನ್ನು ಯಾರೂ ಹೊತ್ತು ತಂದು ಜೋಡಿಸಿಲ್ಲ, ನೀರೇ ತಂದು ಹಾಕಿದೆ. ಅಂದರೆ ನೀರು ಅಲ್ಲಿಯವರೆಗೂ ಬರುತ್ತದೆ ಅಂತಲೇ ಅರ್ಥ. ಗಾಳಿಗೆ ಮರೆ ಅಂತ ದಿಮ್ಮಿಗೆ ಒರಗಿಸಿ ಟೆಂಟ್ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೆಲವೇ ಇಂಚು ನೀರು ಬಂದರೂ ಅಷ್ಟು ದೊಡ್ಡ ಮರ ತೇಲುತ್ತದೆ, ಉರುಳುತ್ತದೆ. ಕೆಳಗೆ ಸಿಕ್ಕವರ ಗತಿ ಯೋಚಿಸಿ. ಸಾಲದ್ದಕ್ಕೆ ಆ ದಿಮ್ಮಿಗಳ ಸಂದಿಯಲ್ಲೇ ಬುಡುಬುಡಿಕೆ ಹಾವುಗಳು, ಅದೇ ರಾಟಲ್‌ಸ್ನೇಕ್, ಬೆಚ್ಚಗೆ ಮಲಗಿರುತ್ತವೆ.

ಬಹುವರ್ಷದ ಹುಲ್ಲು ಬೇರೂರಿರುವ ದಿಬ್ಬ ಸಿಕ್ಕರೆ ಅದು ನಿಮ್ಮ ಜಾಗ. ಸ್ಪ್ಯಾನಿಷ್ ಫ್ಲ್ಯಾಟ್, ಬಿಗ್ ಫ್ಲ್ಯಾಟ್, ಮಿಲ್ಲರ್ ಫ್ಲ್ಯಾಟ್ ಇಂಥವು. ಹಿಂದಿನವರು ಟೆಂಟ್ ಹಾಕಿ ನೆಲ ಸವೆದಿರುವ ಕಡೆಯೇ ಹಾಕಿ, ಹೊಸ ಹುಲ್ಲು ತುಳಿಯಬೇಡಿ. ಗಾಳಿ ಜಾಸ್ತಿ ನಿಜ, ಒಪ್ಪುತ್ತೇನೆ. ಹಾಗಂತ ಕಡಿದಾದ ಮಣ್ಣಿನ ಗೋಡೆಯ ಬುಡಕ್ಕೆ ಹೋಗಿ ಮಲಗಬೇಡಿ, ಮೇಲಿಂದ ಕಲ್ಲು ಬೀಳುತ್ತದೆ. ಬುಡದಲ್ಲಿ ಹೊಸದಾಗಿ ಒಡೆದ ಚೂಪು ಕಲ್ಲು ಕಂಡರೆ ಅಲ್ಲಿಂದ ಎದ್ದುಬಿಡಿ.

ಈಗ ಗೂಟದ ವಿಷಯ. ನೀವು ಹಾಕಿರುವುದು ಎಮ್‌ಎಸ್‌ಆರ್ ಗ್ರೌಂಡ್‌ಹಾಗ್ ಅಲ್ವಾ? ಗಟ್ಟಿ ಮಣ್ಣಿಗೆ ಅದಕ್ಕಿಂತ ಒಳ್ಳೆಯ ಗೂಟ ನನಗೆ ಗೊತ್ತಿಲ್ಲ. ಆದರೆ ಒಣ ಮರಳಿಗೆ ಅದು ಮಾಡಿದ್ದಲ್ಲ. ಮೊಸರಲ್ಲಿ ಕಡ್ಡಿ ಚುಚ್ಚಿದ ಹಾಗೆ. ಹಿಮಕ್ಕೂ ಮರಳಿಗೂ ಅಂತ ಮಾಡಿದ ಅಗಲದ ಗೂಟಗಳೂ ಬರುತ್ತವೆ, ಒದ್ದೆ ಮರಳಲ್ಲಿ ಪರವಾಗಿಲ್ಲ. ನಾನು ಗೂಟವನ್ನೇ ಮರೆತು ಚೀಲ ಹೂಳುತ್ತೇನೆ. ಹೀಗೆ ಮಾಡಿ. ಬಟ್ಟೆ ತುಂಬುವ ಸಣ್ಣ ಚೀಲಗಳು ಇರುತ್ತವಲ್ಲ, ಅದಕ್ಕೆ ಮರಳು ತುಂಬಿ ಬಾಯಿ ಕಟ್ಟಿ. ಹಗ್ಗ ಎಳೆಯುವ ದಿಕ್ಕಿಗೆ ಅಡ್ಡವಾಗಿ ಒಂದು ಮೊಳ ಆಳದ ಗುಂಡಿ ತೋಡಿ. ಅಡ್ಡ ಅಂದರೆ ಅಡ್ಡವೇ, ಉದ್ದಕ್ಕೆ ತೋಡಿದರೆ ಚೀಲ ಜಾರಿಕೊಂಡು ಬರುತ್ತದೆ. ಹಗ್ಗ ಮೇಲೆ ಬರಲು ಟೆಂಟ್ ಕಡೆಗೆ ಒಂದು ಸಣ್ಣ ಸೀಳು ಮಾಡಿ. ಸೀಳು ಇಲ್ಲದಿದ್ದರೆ ಹಗ್ಗ ನೆಟ್ಟಗೆ ಮೇಲಕ್ಕೆ ಎಳೆದು ಚೀಲವನ್ನು ಎತ್ತಿಬಿಡುತ್ತದೆ. ಎಲ್ಲರೂ ತಪ್ಪುವುದು ಇಲ್ಲೇ. ಚೀಲ ಇಟ್ಟು, ಮರಳು ಮುಚ್ಚಿ, ಕಾಲಲ್ಲಿ ಚೆನ್ನಾಗಿ ತುಳಿಯಿರಿ. ಮರಳು ತೀರಾ ಒಣಗಿದ್ದರೆ ಒಂದು ಪಾತ್ರೆ ನೀರು ಸುರಿದು ಮತ್ತೆ ತುಳಿಯಿರಿ. ಗಂಟನ್ನು ನೆಲದ ಮೇಲೆ ಇಟ್ಟುಕೊಳ್ಳಿ. ರಾತ್ರಿ ಮಂಜಿಗೆ ನೈಲಾನ್ ಹಿಗ್ಗುತ್ತದೆ, ಆಗ ಬಿಗಿ ಮಾಡಬೇಕಾಗುತ್ತದೆ. ಗಂಟು ಹೂತುಹಾಕಿದರೆ ಕತ್ತಲಲ್ಲಿ ಅಗೆಯುತ್ತಾ ಕೂರಬೇಕು.

ಚೀಲ ಕಡಿಮೆ ಬಿದ್ದರೆ ಮಣಿಕಟ್ಟಿನಷ್ಟು ದಪ್ಪದ ಒಣ ಕೊಂಬೆ ಸಾಕು, ಹಗ್ಗ ಅದರ ನಡುವಿಗೆ ಕಟ್ಟಿ. ಮೂಲೆಗಳಿಗಿಂತ ಗಾಳಿ ಬರುವ ಕಡೆಯ ಎಳೆಹಗ್ಗಗಳು ಮುಖ್ಯ. ಸಮಯ ಇಲ್ಲ ಅಂದರೆ ಆ ಕಡೆಯ ಎರಡನ್ನು ಮಾತ್ರ ಹೂತು, ಉಳಿದವಕ್ಕೆ ಕಲ್ಲು. ಕಲ್ಲು ಇಡುವುದಕ್ಕೂ ಒಂದು ಕ್ರಮ ಇದೆ. ಹಗ್ಗದ ಮೇಲೆ ಕಲ್ಲು ಹೇರಬೇಡಿ, ಬೆಳಗಾಗುವಷ್ಟರಲ್ಲಿ ತಿಕ್ಕಿ ತಿಕ್ಕಿ ಹಗ್ಗ ಕತ್ತರಿಸುತ್ತದೆ. ಹಗ್ಗವನ್ನು ಒಂದು ಕಡ್ಡಿಗೆ ಕಟ್ಟಿ, ಆ ಕಡ್ಡಿಯ ಮುಂದೆ, ಟೆಂಟ್ ಕಡೆಗೆ, ದೊಡ್ಡ ಕಲ್ಲು ಇಡಿ. ಎಳೆದಷ್ಟೂ ಕಡ್ಡಿ ಕಲ್ಲಿಗೆ ಒತ್ತಿಕೊಳ್ಳುತ್ತದೆ. ಹೊರಡುವಾಗ ಕಲ್ಲುಗಳನ್ನು ಚೆಲ್ಲಿ, ಗುಂಡಿ ಮುಚ್ಚಿ. ಕೋಟೆ ಕಟ್ಟಿ ಬಿಟ್ಟು ಬರುವವರ ಬಗ್ಗೆ ಇಲ್ಲಿ ಬರೆಯಲು ಹೋದರೆ ಅಡ್ಮಿನ್ ನನ್ನನ್ನೇ ಹೊರಗೆ ಹಾಕುತ್ತಾರೆ.

ಬೇಸಿಗೆಯಲ್ಲಿ ಅಲ್ಲಿ ಗಾಳಿ ವಾಯವ್ಯದಿಂದ, ಮಧ್ಯಾಹ್ನದ ಮೇಲೆ ಜೋರು. ಟೆಂಟಿನ ತಗ್ಗಾದ ತುದಿ ಆ ಕಡೆಗೆ ಇರಲಿ, ಬಾಗಿಲು ಅದರ ಎದುರು ದಿಕ್ಕಿಗೆ. ಸಮುದ್ರ ಕಾಣಲಿ ಅಂತ ಬಾಗಿಲು ಪಡುವಣಕ್ಕೆ ಇಟ್ಟರೆ ಮರಳು ಹಾಸಿಗೆಗೆ ಬರುತ್ತದೆ. ನಡೆಯುವುದೂ ಅಷ್ಟೇ. ಉತ್ತರದ ಮ್ಯಾಟೋಲ್‌ನಿಂದ ದಕ್ಷಿಣಕ್ಕೆ ಶೆಲ್ಟರ್ ಕೋವ್ ಹತ್ತಿರದ ಬ್ಲ್ಯಾಕ್ ಸ್ಯಾಂಡ್ಸ್ ಬೀಚ್‌ಗೆ ನಡೆಯಿರಿ, ಸುಮಾರು 25 ಮೈಲಿ, ಗಾಳಿ ಬೆನ್ನಿಗಿರುತ್ತದೆ. ಕಾರು ಶೆಲ್ಟರ್ ಕೋವ್‌ನಲ್ಲಿ ಬಿಟ್ಟು, ಬಾಡಿಗೆ ವ್ಯಾನ್‌ನಲ್ಲಿ ಮ್ಯಾಟೋಲ್‌ಗೆ ಹೋಗಿ, ಕಾರಿನ ಕಡೆಗೆ ನಡೆದು ಬನ್ನಿ.

ನಿಮ್ಮ ಪ್ಲಾನ್‌ನಲ್ಲಿ ನನಗೆ ಹೆದರಿಕೆ ತಂದಿದ್ದು ಎರಡನೇ ದಿನ. "ಆರಾಮಾಗಿ ಹತ್ತಕ್ಕೆ ಹೊರಟು ಸೀ ಲಯನ್ ಗಲ್ಚ್ ದಾಟುವುದು" ಅಂತ ಬರೆದಿದ್ದೀರಿ. ಸೀ ಲಯನ್ ಗಲ್ಚ್‌ನಿಂದ ರ‍್ಯಾಂಡಲ್ ಕ್ರೀಕ್‌ವರೆಗೆ ಸುಮಾರು 4 ಮೈಲಿ, ಮಿಲ್ಲರ್ ಫ್ಲ್ಯಾಟ್ ದಾಟಿದ ಮೇಲೆ ಗಿಚೆಲ್ ಕ್ರೀಕ್‌ವರೆಗೆ ಇನ್ನೊಂದು 4 ಮೈಲಿ. ಈ ಎರಡು ಕಡೆ ಉಬ್ಬರದಲ್ಲಿ ದಾರಿಯೇ ಇರುವುದಿಲ್ಲ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಅಲೆ. ಪುಂಟಾ ಗೋರ್ಡಾ ಹತ್ತಿರವೂ ಒಂದು ಚಿಕ್ಕ ತುಂಡು ಹಾಗೇ ಇದೆ. ಪಟ್ಟಿಯಲ್ಲಿ ಮೂರು ಅಡಿಗಿಂತ ಕಡಿಮೆ ಇರುವಾಗ ದಾಟಬೇಕು, ಅದೂ ನೀರು ಇಳಿಯುತ್ತಿರುವಾಗ ಹೊರಡಬೇಕು. ಕೆಳಗೆ ಗುಂಡುಕಲ್ಲು, ಪಾಚಿ, ಬೆನ್ನಿಗೆ ಭಾರ. ಮಾಮೂಲಿ ವೇಗದ ಅರ್ಧ ಹಿಡಿಯಿರಿ, 4 ಮೈಲಿಗೆ ಮೂರು ಗಂಟೆ. ಬೇಸಿಗೆಯಲ್ಲಿ ಆ ದೊಡ್ಡ ಉಬ್ಬರದ ದಿನಗಳಲ್ಲಿ ಒಳ್ಳೆಯ ಇಳಿತ ಬೆಳಗಿನ ಜಾವ ಬರುತ್ತದೆ. ಸಂಜೆಯ ಇಳಿತ ಹೆಸರಿಗೆ ಮಾತ್ರ ಇಳಿತ, ಮೂರು ಅಡಿಯ ಹತ್ತಿರವೇ ನಿಂತುಬಿಡುತ್ತದೆ. ಹಾಗಾಗಿ ಹತ್ತಕ್ಕೆ ಹೊರಡುವುದಲ್ಲ, ಹತ್ತರೊಳಗೆ ಆಚೆ ದಡದಲ್ಲಿ ಟೀ ಕುಡಿಯುತ್ತಿರಬೇಕು. ನೀರು ಏರುವಾಗ ಒಂದೇ ವೇಗದಲ್ಲಿ ಏರುವುದಿಲ್ಲ, ಹೆಚ್ಚುಕಡಿಮೆ ಅರ್ಧ ಏರಿಕೆ ನಡುವಿನ ಎರಡು ಗಂಟೆಯಲ್ಲೇ ಆಗಿಹೋಗುತ್ತದೆ. "ಇನ್ನೂ ಜಾಗ ಇದೆಯಲ್ಲ" ಅಂದುಕೊಳ್ಳುವುದು ಆ ಎರಡು ಗಂಟೆಗೆ ಸ್ವಲ್ಪ ಮೊದಲು.

ಎರಡನೇ ತುಂಡಿನ ನಡುವೆ ಶಿಪ್‌ಮನ್ ಕ್ರೀಕ್, ಬಕ್ ಕ್ರೀಕ್ ಬರುತ್ತವೆ. ಹೊತ್ತು ಮೀರಿದರೆ ಅಲ್ಲಿ ಮೇಲಕ್ಕೆ ಹತ್ತಿ ಕುಳಿತುಬಿಡಿ, ಮುಂದಿನ ಇಳಿತಕ್ಕೆ ಕಾಯಿರಿ. ಒಂದು ಹೊತ್ತಿನ ಊಟ ಜಾಸ್ತಿ ಇಟ್ಟುಕೊಳ್ಳುವುದು ಇದಕ್ಕೇ. ಎಲ್ಲಾದರೂ ಸರಿ, ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ. ಹತ್ತಿಪ್ಪತ್ತು ನಿಮಿಷ ಎಲ್ಲಾ ಶಾಂತವಾಗಿದ್ದು, ಇದ್ದಕ್ಕಿದ್ದಂತೆ ಒಂದು ಅಲೆ ಉಳಿದವುಗಳಿಗಿಂತ ಎಷ್ಟೋ ಮೇಲೆ ಹತ್ತಿ ಬರುತ್ತದೆ. ನೀರು ತಣ್ಣಗೆ ಕೊರೆಯುತ್ತದೆ, ಬಟ್ಟೆ ತುಂಬಾ ಮರಳು ತುಂಬಿ ಭಾರವಾಗುತ್ತದೆ, ಈಜು ಬಂದರೂ ಉಪಯೋಗಕ್ಕೆ ಬರುವುದಿಲ್ಲ. ಬೆನ್ನುಚೀಲದ ಸೊಂಟದ ಪಟ್ಟಿಯನ್ನು ಇಂಥ ಕಡೆ ಬಿಚ್ಚಿಕೊಂಡು ನಡೆಯುತ್ತೇನೆ.

ಭೂಕಂಪದ ಮಾತೂ ಹೇಳಿಬಿಡುತ್ತೇನೆ. ಮೂರು ಭೂಫಲಕಗಳು ಸೇರುವ ಜಾಗ ಅದು. 1992ರ ಏಪ್ರಿಲ್ 25ರಂದು ಕೇಪ್ ಮೆಂಡೊಸಿನೊದಲ್ಲಿ 7.2ರ ಭೂಕಂಪ ಆದಾಗ ಅಲ್ಲಿಯ ತೀರದ ಒಂದು ಭಾಗ ಸುಮಾರು ಒಂದು ಮೀಟರ್ ಮೇಲೆದ್ದಿತ್ತು, ಸಣ್ಣ ಸುನಾಮಿಯೂ ಬಂದಿತ್ತು. ಜೋರಾಗಿ ಅಥವಾ ತುಂಬಾ ಹೊತ್ತು ನೆಲ ಅಲುಗಿದರೆ ಯಾರ ಎಚ್ಚರಿಕೆಗೂ ಕಾಯಬೇಡಿ, ಅಲ್ಲಿ ಸೈರನ್ ಕೇಳಿಸುವುದೂ ಇಲ್ಲ. ಟೆಂಟ್ ಬಿಟ್ಟು ಗುಡ್ಡ ಹತ್ತಿ. ಹತ್ತುವ ದಾರಿಯನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ, ಟಾರ್ಚ್ ಮತ್ತು ಶೂ ತಲೆದೆಸೆಯಲ್ಲಿರಲಿ.

ಕರಡಿ ಡಬ್ಬ, ಅಂದರೆ ಕರಡಿಗೆ ತೆರೆಯಲಾಗದ ಊಟದ ಡಬ್ಬ, ಅದರ ಬಗ್ಗೆ ಕೇಳಿದ್ದೀರಿ. ಈ ತೀರ ಸೇರಿರುವ ಕಿಂಗ್ ರೇಂಜ್ ಪ್ರದೇಶದಲ್ಲಿ ಗಟ್ಟಿ ಡಬ್ಬವೇ ಕಡ್ಡಾಯ, ಚೀಲ ಕಟ್ಟಿ ಮರಕ್ಕೆ ನೇತುಹಾಕುವ ಮಾತು ಬಿಡಿ. ನನ್ನ ಓಟು ಬೇರ್‌ವಾಲ್ಟ್ ಕಂಪನಿಯ ಡಬ್ಬಕ್ಕೆ, ಒಳಗೆ ಏನಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಕಾರ್ಬನ್ ಫೈಬರ್‌ನದು ಹಗುರ, ಆದರೆ ವರ್ಷಕ್ಕೊಮ್ಮೆ ಹೋಗುವವರಿಗೆ ಅಷ್ಟು ದುಡ್ಡು ಯಾಕೆ? ಬಾಡಿಗೆಗೆ ತಗೊಳ್ಳಿ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಕೂಡ ಅದರೊಳಗೇ. ಡಬ್ಬವನ್ನು ಇಳಿಜಾರಿನಲ್ಲಿ ಇಡಬೇಡಿ, ಕರಡಿ ಒದ್ದರೆ ಉರುಳಿ ಸಮುದ್ರ ಸೇರುತ್ತದೆ. 

ನೀರು ಹಳ್ಳಗಳಲ್ಲಿ ಸಿಗುತ್ತದೆ, ಸೋಸಿ ಕುಡಿಯಿರಿ. ತುಂಬಿಸುವಾಗ ಕಡಲಿಂದ ಸ್ವಲ್ಪ ಮೇಲಕ್ಕೆ ಹೋಗಿ, ಹಳ್ಳ ಕಡಲು ಸೇರುವಲ್ಲಿ ಉಪ್ಪುನೀರು ಬೆರೆತಿರುತ್ತದೆ, ಫಿಲ್ಟರ್ ಉಪ್ಪು ತೆಗೆಯುವುದಿಲ್ಲ. ಸ್ಟೌವ್‌ಗೂ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು, ತಂಗುವ ಪರ್ಮಿಟ್ ಬೇರೆ. ಗಾಳಿ ಅಂತ ಗ್ಯಾಸ್ ಡಬ್ಬಿಯನ್ನೂ ಸೇರಿಸಿ ಸುತ್ತ ತಗಡು ಮುಚ್ಚಬೇಡಿ, ಡಬ್ಬಿ ಕಾದರೆ ಸಿಡಿಯುತ್ತದೆ. ಗಾಳಿಯ ಕಡೆ ಮಾತ್ರ ಅಡ್ಡ ಇಡಿ. ಪುಂಟಾ ಗೋರ್ಡಾದ ಹಳೆಯ ದೀಪಸ್ತಂಭದ ಹತ್ತಿರ ಎಲಿಫೆಂಟ್ ಸೀಲ್ ಅನ್ನುವ ಭಾರೀ ಕಡಲಪ್ರಾಣಿಗಳು ದಾರಿಯಲ್ಲೇ ಮಲಗಿರುತ್ತವೆ. ಸೆಲ್ಫಿ ಬೇಡ, ಸುತ್ತಿಕೊಂಡು ಹೋಗಿ. ಹುಲ್ಲಲ್ಲಿ ರಕ್ತ ಹೀರುವ ಉಣ್ಣೆಹುಳಗಳು ಮೈಗೆ ಹತ್ತುತ್ತವೆ, ಸಂಜೆ ಒಬ್ಬರಿಗೊಬ್ಬರು ನೋಡಿಕೊಳ್ಳಿ. ಪಾಯ್ಸನ್ ಓಕ್ ಅಂತ ಮೈಗೆ ತುರಿಕೆ ತರುವ ಮೂರೆಲೆಯ ಗಿಡ ಇದೆ, ಅದಕ್ಕೆ ತಾಗಿದ ಬಟ್ಟೆಯನ್ನು ಮಲಗುವ ಚೀಲದೊಳಗೆ ತರಬೇಡಿ.

ಮನೆಗೆ ಬಂದ ಮೇಲೆ ಟೆಂಟನ್ನು ಸಿಹಿನೀರಲ್ಲಿ ತೊಳೆಯಿರಿ. ಕಂಬಗಳ ಕೀಲು, ಜಿಪ್ಪಿನ ಹಲ್ಲು ಬಿಡದೆ ತೊಳೆಯಿರಿ. ಈಗಿನ ಟೆಂಟಿನ ಜಿಪ್ ಬಿಗಿಯಾಗಿದೆ ಅಂದಿರಲ್ಲ, ಹೋದ ಸಲದ ಉಪ್ಪು ಮರಳು ಇನ್ನೂ ಅಲ್ಲೇ ಕೂತಿರಬೇಕು. ಹಳೆಯ ಟೂತ್‌ಬ್ರಷ್ ಹಾಕಿ ಉಜ್ಜಿ ನೋಡಿ. ನಿಮ್ಮ ತಾರೀಖು ಇಲ್ಲಿ ಹಾಕಿ, ಆ ದಿನಗಳ ಬೆಳಗಿನ ಇಳಿತ ನೋಡಿ ಯಾವ ರಾತ್ರಿ ಎಲ್ಲಿ ತಂಗಬಹುದು ಅಂತ ಹೇಳುತ್ತೇನೆ.