ಹಾಡು ಕೇಳಿದವರು ಹೇಳಿದ್ದೆಲ್ಲ ಮಾಡಬೇಕಾ?

ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರ ಪ್ರಶ್ನೆಗಳು ಈ ಸಲ ಜಾಸ್ತಿ ಬಂದಿವೆ. ಹೆಚ್ಚಿನವು ಮಿಕ್ಸಿಂಗ್ ಬಗ್ಗೆ, ಅಂದರೆ ಬೇರೆಬೇರೆ ಟ್ರ್ಯಾಕುಗಳಲ್ಲಿ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಬಗ್ಗೆ. ಅದಕ್ಕೇ ಈ ಕಂತನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಹಾಡನ್ನು ಗೆಳೆಯರಿಗೆ ಕಳಿಸಿದೆ. ಒಬ್ಬ ‘ದನಿ ಕೇಳಿಸ್ತಾ ಇಲ್ಲ’ ಅಂದ, ದನಿ ಜಾಸ್ತಿ ಮಾಡಿದೆ. ಇನ್ನೊಬ್ಬಳು ‘ದನಿಯೇ ಬೇರೆ, ವಾದ್ಯವೇ ಬೇರೆ ಅನ್ನಿಸುತ್ತೆ’ ಅಂದಳು, ರಿವರ್ಬ್ (ಕೋಣೆಯಲ್ಲಿ ಸದ್ದು ಅನುರಣಿಸುವಂಥ ಗುಂಗು) ಹಾಕಿದೆ. ಮೂರನೆಯವನು ‘ಬಾತ್‌ರೂಮಲ್ಲಿ ಹಾಡಿದ ಹಾಗಿದೆ’ ಅಂದ. ಈಗ ಹಾಡು ಮೊದಲಿಗಿಂತ ಕೆಟ್ಟಿದೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ದೂರನ್ನೂ ಒಪ್ಪಿಕೊಳ್ಳಿ. ಆದರೆ ಒಂದು ಗಮನಿಸಿದಿರಾ? ನಿಜವಾದ ದೂರು ಮೊದಲನೆಯದು ಮಾತ್ರ. ಉಳಿದೆರಡು ನೀವು ಮಾಡಿದ ರಿಪೇರಿಯಿಂದ ಹುಟ್ಟಿದ್ದು. ದನಿಯನ್ನು ಏರಿಸಿದ್ದಕ್ಕೆ ಅದು ವಾದ್ಯಗಳಿಂದ ಹೊರಗೆ ಬಂತು, ಹೊರಗೆ ಬಂದದ್ದನ್ನು ಒಳಗೆ ತಳ್ಳಲು ರಿವರ್ಬ್ ಹಾಕಿದಿರಿ, ಅದು ಬಾತ್‌ರೂಮಾಯಿತು. ಮೊದಲ ಫೈಲಿಗೇ ವಾಪಸ್ ಹೋಗಿ. (ಪ್ರತಿ ಸಲ ಬೇರೆ ಹೆಸರಲ್ಲಿ ಸೇವ್ ಮಾಡಿದ್ದೀರಿ ಅಂದುಕೊಂಡಿದ್ದೇನೆ. ಮಾಡಿಲ್ಲದಿದ್ದರೆ ಇವತ್ತಿಂದ ಮಾಡಿ.)

ಕೇಳುಗರಿಗೆ ಎಲ್ಲಿ ಸರಿಯಿಲ್ಲ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಯಾಕೆ ಸರಿಯಿಲ್ಲ ಅನ್ನುವುದು ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ‘ದನಿ ಕೇಳಿಸ್ತಾ ಇಲ್ಲ’ ಅಂದರೆ ದನಿ ಸಣ್ಣದಾಗಿದೆ ಅಂತಲೇ ಅಲ್ಲ. ಮಾತು ಬಿಡಿಸಿ ಕೇಳಲು ಬೇಕಾದ ವ್ಯಂಜನಗಳ ಸದ್ದು ಹೆಚ್ಚಾಗಿ 2ರಿಂದ 5 ಕಿಲೋಹರ್ಟ್ಸ್ ಒಳಗೆ ಬೀಳುತ್ತದೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದೂ ಅಲ್ಲೇ. ಗಿಟಾರ್ ತಂತಿ ಮೀಟುವ ಸದ್ದು, ಕೀಬೋರ್ಡಿನ ಹೊಳಪು, ತಾಳವಾದ್ಯದ ಏಟು ಎಲ್ಲ ಅದೇ ಜಾಗಕ್ಕೆ ನುಗ್ಗುತ್ತವೆ. ಒಂದು ಸದ್ದು ಇನ್ನೊಂದನ್ನು ಮುಚ್ಚಿಹಾಕುತ್ತದೆ, ಇದಕ್ಕೇ ಮಾಸ್ಕಿಂಗ್ ಅನ್ನುವುದು. ಹಾಗಾಗಿ ದನಿಯ ಫೇಡರ್ (ಟ್ರ್ಯಾಕಿನ ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಮುಟ್ಟಬೇಡಿ. ಗಿಟಾರ್ ಟ್ರ್ಯಾಕಿಗೆ ಈಕ್ಯೂ (ಬೇಕಾದ ಆವರ್ತನದ ಸದ್ದನ್ನಷ್ಟೇ ಏರಿಸಿ ಇಳಿಸುವ ಸಾಧನ) ಹಾಕಿ, 3 ಕಿಲೋಹರ್ಟ್ಸ್ ಸುತ್ತ ಎರಡು ಮೂರು ಡೆಸಿಬಲ್ ಇಳಿಸಿ ನೋಡಿ. ಗಿಟಾರ್ ಒಂದನ್ನೇ ಸೋಲೋ ಮಾಡಿ ಕೇಳಿದರೆ ಸ್ವಲ್ಪ ಮಂಕು ಅನ್ನಿಸಬಹುದು, ಅನ್ನಿಸಲಿ ಬಿಡಿ, ಕೇಳುಗರು ಯಾರೂ ಸೋಲೋ ಕೇಳುವುದಿಲ್ಲ.

ಇನ್ನೊಂದು ಸಾಧ್ಯತೆಯೂ ಇದೆ. ದನಿ ಒಟ್ಟಾರೆ ಸರಿಯಾಗೇ ಇದ್ದು, ಸಾಲಿನ ಕೊನೆಯಲ್ಲಿ ಉಸಿರು ಕಡಿಮೆಯಾದಾಗ ಮಾತ್ರ ಮುಳುಗುತ್ತಿರಬಹುದು. ಆಗ ಇಡೀ ಟ್ರ್ಯಾಕ್ ಏರಿಸಿದರೆ ಜೋರಾಗಿ ಹಾಡಿದ ಕಡೆ ಕಿವಿಗೆ ಹೊಡೆಯುತ್ತದೆ. ಮುಳುಗಿದ ಆ ನಾಲ್ಕು ಪದಗಳನ್ನಷ್ಟೇ ಆಟೊಮೇಷನ್‌ನಲ್ಲಿ (ಹಾಡಿನ ಆಯಾ ಜಾಗಕ್ಕೆ ಬೇರೆಬೇರೆ ವಾಲ್ಯೂಮ್ ಗುರುತಿಡುವ ಸೌಲಭ್ಯ) ಕೈಯಾರೆ ಎತ್ತಿ. ಆಮೇಲೆ ಕಂಪ್ರೆಸರ್ (ಜೋರಾದ ಸದ್ದನ್ನು ತಾನೇ ಇಳಿಸುವ ಸಾಧನ) ಬೇಕಿದ್ದರೆ 3:1 ಅನುಪಾತದಲ್ಲಿ, ಜೋರಾದ ಕಡೆ ಮೂರು ನಾಲ್ಕು ಡೆಸಿಬಲ್ ಇಳಿಯುವಷ್ಟು ಇಟ್ಟುಕೊಳ್ಳಿ. ಹೀಗೆ ಪದಪದ ಎತ್ತುವುದು ಬೇಜಾರಿನ ಕೆಲಸ, ನಿಜ. ಆದರೆ ಮನೆಯ ಮಿಕ್ಸ್‌ಗಳಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ ಅಂತ ನನ್ನ ಲೆಕ್ಕ.

ಪ್ರಶ್ನೆ: ಯಾರಿಗೆ ಕಳಿಸಿದರೂ ‘ಸೂಪರ್’ ಅಂತಾರೆ. ಮನೆಯವರಂತೂ ಬಿಡಿ. ನಿಜ ಹೇಳುವವರನ್ನು ಎಲ್ಲಿ ಹುಡುಕಲಿ?

ಉತ್ತರ: ಜನರನ್ನು ಬದಲಾಯಿಸುವ ಮೊದಲು ನಿಮ್ಮ ಪ್ರಶ್ನೆ ಬದಲಾಯಿಸಿ. ‘ಹೇಗಿದೆ?’ ಅಂದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರುವುದು. ಪ್ರೀತಿ ಇರುವವರು ಇನ್ನೇನು ಹೇಳಬೇಕು ಹೇಳಿ?

ತೀರ್ಪು ಕೇಳಬೇಡಿ, ಏನಾಯಿತು ಅಂತ ಕೇಳಿ. ಎಲ್ಲಿ ಗಮನ ಬೇರೆ ಕಡೆ ಹೋಯಿತು? ಎಲ್ಲಿ ವಾಲ್ಯೂಮ್ ಕಡಿಮೆ ಮಾಡೋಣ ಅನ್ನಿಸಿತು? ಎಲ್ಲಿ ಜಾಸ್ತಿ ಮಾಡೋಣ ಅನ್ನಿಸಿತು? ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಅಂತ ಬರೆದು ಕಳಿಸಲು ಹೇಳಿ. ಯಾವುದರಲ್ಲಿ ಕೇಳಿದರು ಅನ್ನುವುದನ್ನೂ ಕೇಳಿಕೊಳ್ಳಿ: ಫೋನಿನ ಸ್ಪೀಕರಾ, ಇಯರ್‌ಫೋನಾ, ಕಾರಾ? ಇದು ಗೊತ್ತಿಲ್ಲದೆ ‘ಬೇಸ್ ಇಲ್ಲ’ ಅನ್ನುವ ದೂರಿಗೆ ಅರ್ಥವೇ ಇಲ್ಲ.

ನನಗೆ ಬಹಳ ಇಷ್ಟದ ಪರೀಕ್ಷೆ ಒಂದಿದೆ. ಸಾಹಿತ್ಯ ಗೊತ್ತಿಲ್ಲದ ಒಬ್ಬರಿಗೆ ಹಾಡು ಒಂದೇ ಸಲ ಕೇಳಿಸಿ, ಕೇಳಿಸಿದ ಸಾಲುಗಳನ್ನು ಬರೆಯಲು ಹೇಳಿ. ನಿಮಗೆ ಪದ ಬಾಯಿಪಾಠ, ಸದ್ದು ಮುಳುಗಿದರೂ ನಿಮ್ಮ ಮಿದುಳು ಪದವನ್ನು ತುಂಬಿಕೊಂಡು ಬಿಡುತ್ತದೆ. ಅದಕ್ಕೇ ದನಿ ಸಾಲದು ಅನ್ನುವುದು ಹಾಡಿದವರಿಗೆ ಗೊತ್ತೇ ಆಗುವುದಿಲ್ಲ. ಬರೆದವರ ಹಾಳೆಯಲ್ಲಿ ಖಾಲಿ ಬಿಟ್ಟ ಜಾಗ, ತಪ್ಪಾಗಿ ಬರೆದ ಪದ ಎಲ್ಲಿದೆಯೋ ಅಲ್ಲೇ ನಿಮ್ಮ ಕೆಲಸ. ಅಲ್ಲಿ ಯಾರೂ ನಿಮ್ಮ ಮನಸ್ಸು ನೋಯಿಸಬೇಕಾಗಿಲ್ಲ, ನೀವೂ ವಾದ ಮಾಡುವ ಹಾಗಿಲ್ಲ.

ಕಳಿಸುವಾಗ ‘ಇದಿನ್ನೂ ರಫ್, ಬೇಸ್ ಸ್ವಲ್ಪ ಜಾಸ್ತಿ ಇದೆ’ ಅಂತೆಲ್ಲ ಮೊದಲೇ ಹೇಳಬೇಡಿ. ಹೇಳಿದರೆ ಅವರು ಬೇಸ್ ಒಂದನ್ನೇ ಕೇಳುತ್ತಾರೆ. ಮಿಕ್ಸಿಂಗ್ ಬಲ್ಲ ಗೆಳೆಯರ ವಿಷಯದಲ್ಲೂ ಸ್ವಲ್ಪ ಹುಷಾರು. ಅವರು ಹಾಡು ಕೇಳುವ ಬದಲು ನೀವು ಯಾವ ಪ್ಲಗಿನ್ (ಸದ್ದು ತಿದ್ದುವ ಪುಟ್ಟ ಸಾಫ್ಟ್‌ವೇರ್) ಹಾಕಿದ್ದೀರಿ ಅಂತ ಕೇಳುತ್ತಿರುತ್ತಾರೆ.

ಪ್ರಶ್ನೆ: ‘ಡಬ್ಬದೊಳಗಿಂದ ಬಂದ ಹಾಗಿದೆ’, ‘ಚುಚ್ಚುತ್ತೆ’ ಅಂತೆಲ್ಲ ಹೇಳುತ್ತಾರೆ. ಇದನ್ನು ಈಕ್ಯೂನಲ್ಲಿ ಎಲ್ಲಿ ಹುಡುಕುವುದು?

ಉತ್ತರ: ‘ಡಬ್ಬದ ಹಾಗೆ’ ಅಂದರೆ ಸಾಮಾನ್ಯವಾಗಿ 400ರಿಂದ 600 ಹರ್ಟ್ಸ್ ಸುತ್ತ ಹುಡುಕಿ. ‘ಗಿಜಿಗಿಜಿ’, ‘ಕಂಬಳಿ ಹೊದಿಸಿದ ಹಾಗೆ’ ಅಂದರೆ 200ರಿಂದ 400, ಅಲ್ಲಿ ಒಂದೇ ಟ್ರ್ಯಾಕಿನ ತಪ್ಪು ಇರುವುದು ಕಡಿಮೆ, ಎಲ್ಲ ಟ್ರ್ಯಾಕುಗಳೂ ಸೇರಿ ಗುಡ್ಡೆಯಾಗಿರುತ್ತವೆ. ‘ಚುಚ್ಚುತ್ತೆ’ ಅಂದಾಗ ಎಲ್ಲಿ ಅಂತ ಕೇಳಿ. ಸ, ಶ, ಚ ಬಂದಾಗ ಮಾತ್ರ ಅಂದರೆ 5ರಿಂದ 8 ಕಿಲೋಹರ್ಟ್ಸ್, ಡಿ-ಎಸ್ಸರ್ (ಆ ಸೀಟಿಯಂಥ ಸದ್ದನ್ನಷ್ಟೇ ತಗ್ಗಿಸುವ ಸಾಧನ) ಸಾಕು. ಜೋರಾಗಿ ಹಾಡಿದಾಗೆಲ್ಲ ಅಂದರೆ 3 ಕಿಲೋಹರ್ಟ್ಸ್ ಹತ್ತಿರ. ಪ, ಬ ಬಂದಾಗ ‘ಧಡ್’ ಅಂದರೆ ಅದು ಉಸಿರು ಮೈಕಿಗೆ ಹೊಡೆದದ್ದು, 80ರಿಂದ 100 ಹರ್ಟ್ಸ್ ಕೆಳಗಿನದನ್ನು ಹೈ-ಪಾಸ್ ಫಿಲ್ಟರ್‌ನಿಂದ ತೆಗೆಯಿರಿ.

ಈ ಅಂಕಿಗಳು ಹುಡುಕಲು ಶುರುಮಾಡುವ ಜಾಗ ಅಷ್ಟೇ. ಕಣ್ಣುಮುಚ್ಚಿ ಕತ್ತರಿಸಬೇಡಿ.

ಪ್ರಶ್ನೆ: ನನ್ನ ಕೋಣೆಯಲ್ಲಿ ಮಿಕ್ಸ್ ಸರಿಯಾಗಿರುತ್ತದೆ. ಫೋನಿನಲ್ಲಿ ಕೇಳಿದವರು ಬೇಸ್ ಇಲ್ಲವೇ ಇಲ್ಲ ಅಂತಾರೆ, ಕಾರಿನಲ್ಲಿ ಕೇಳಿದವರು ಗುಂಯ್‌ಗುಡುತ್ತೆ ಅಂತಾರೆ. ಇಬ್ಬರೂ ಸರಿ ಹೇಗಾಗುತ್ತಾರೆ?

ಉತ್ತರ: ಆಗುತ್ತಾರೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರಿನಿಂದ ಅಷ್ಟು ಕೆಳಗಿನ ಸದ್ದು ಬರುವುದೇ ಇಲ್ಲ. ಆದರೆ ಅದೇ ಸ್ವರದ, ಎರಡು ಪಟ್ಟು ಮೂರು ಪಟ್ಟು ಆವರ್ತನದ ಮೇಲಿನ ಹಾರ್ಮೋನಿಕ್‌ಗಳು ಕೇಳಿಸಿದರೆ ಸಾಕು, ಇಲ್ಲದ ಕೆಳಗಿನ ಸ್ವರವನ್ನು ಮಿದುಳು ತಾನೇ ಊಹಿಸಿಕೊಳ್ಳುತ್ತದೆ. ಹಾಗಾಗಿ ಬೇಸ್ ಟ್ರ್ಯಾಕಿಗೆ ಸ್ವಲ್ಪ ಸ್ಯಾಚುರೇಷನ್ (ಸದ್ದನ್ನು ತುಸು ಒರಟಾಗಿಸುವ ಪರಿಣಾಮ) ಕೊಡಿ, ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಫೋನಿನಲ್ಲೂ ಬೇಸ್ ಇದೆ ಅನ್ನಿಸುತ್ತದೆ. ಬರೀ ಕೆಳಗಿನ ಸದ್ದನ್ನು ಏರಿಸಿದರೆ ಫೋನಿನವರಿಗೆ ಏನೂ ಸಿಗುವುದಿಲ್ಲ, ಕಾರಿನವರಿಗೆ ತಲೆನೋವು.

ಕಾರಿನ ದೂರಿಗೆ ಇನ್ನೆರಡು ಕಾರಣ ಇರಬಹುದು. ಒಂದು ನಿಮ್ಮ ಕೋಣೆ. 3.4 ಮೀಟರ್ ಉದ್ದದ ಕೋಣೆಯಲ್ಲಿ 50 ಹರ್ಟ್ಸ್ ಹತ್ತಿರ ಗೋಡೆಯಿಂದ ಗೋಡೆಗೆ ನಿಂತ ಅಲೆಯೊಂದು ಏಳುತ್ತದೆ. ಗೋಡೆಯ ಬಳಿ ಆ ಸದ್ದು ಉಬ್ಬಿರುತ್ತದೆ, ಸರಿಯಾಗಿ ನಡುವೆ ಕೂತರೆ ಹೆಚ್ಚುಕಡಿಮೆ ಮಾಯ. ನಡುವೆ ಕೂತವರು ಬೇಸ್ ಸಾಲದು ಅಂತ ಏರಿಸುತ್ತಾ ಹೋಗುತ್ತಾರೆ, ಕಾರಿಗೆ ಹೋದಾಗ ಬಣ್ಣ ಬಯಲು. ಕುರ್ಚಿಯನ್ನು ನಡುವಿನಿಂದ ಒಂದಿಷ್ಟು ಸರಿಸಿ, ಖರ್ಚಿಲ್ಲದ ಕೆಲಸ.

ಎರಡನೆಯದು, ರಾತ್ರಿ ಎಲ್ಲರೂ ಮಲಗಿದ ಮೇಲೆ ತೀರಾ ಸಣ್ಣಗೆ ಇಟ್ಟುಕೊಂಡು ಮಿಕ್ಸ್ ಮಾಡುವುದು. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಬೇಸ್ ಉಳಿದದ್ದಕ್ಕಿಂತ ಕಡಿಮೆ ಕೇಳಿಸುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸಿನ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸಣ್ಣ ವಾಲ್ಯೂಮಿನಲ್ಲಿ ದನಿ ಮತ್ತು ತಾಳ ಉಳಿಯುತ್ತವಾ ಅಂತ ನೋಡಿ, ಅದಕ್ಕೆ ಅದು ಒಳ್ಳೆಯದು. ಬೇಸ್ ಎಷ್ಟಿರಬೇಕು ಅನ್ನುವ ತೀರ್ಮಾನ ಮಾತ್ರ ಹಗಲಿಗೆ ಬಿಡಿ.

ಪ್ರಶ್ನೆ: ಎರಡು ಮಿಕ್ಸ್ ಕಳಿಸಿ ಯಾವುದು ಚೆನ್ನಾಗಿದೆ ಅಂದರೆ ಎಲ್ಲರೂ ಹೊಸದನ್ನೇ ಆರಿಸುತ್ತಾರೆ. ಹಾಗಾದರೆ ನಾನು ಸುಧಾರಿಸುತ್ತಿದ್ದೇನೆ ಅಲ್ವಾ?

ಉತ್ತರ: ಹೊಸದು ಬರೀ ಜೋರಾಗಿರಬಹುದು. ಒಂದು ಡೆಸಿಬಲ್ ಜೋರಾದರೂ ಜನ ‘ಇದು ಜೋರು’ ಅನ್ನುವುದಿಲ್ಲ, ‘ಇದು ಚೆನ್ನಾಗಿದೆ’ ಅನ್ನುತ್ತಾರೆ. ಎರಡನ್ನೂ ಲೌಡ್‌ನೆಸ್ ಮೀಟರಿನಲ್ಲಿ ಅಳೆದು ಸಮ ಮಾಡಿ. ಸ್ಪಾಟಿಫೈ ಹೇಗೂ ಮಾಮೂಲಿ ಸೆಟ್ಟಿಂಗಿನಲ್ಲಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ) ಹತ್ತಿರಕ್ಕೆ ತರುತ್ತದೆ, ನೀವೂ ಹೋಲಿಕೆಗೆ ಅದೇ ಅಂಕಿ ಇಟ್ಟುಕೊಳ್ಳಬಹುದು. ಫೈಲಿಗೆ ‘ಹಳೆಯದು’, ‘ಹೊಸದು’ ಅಂತ ಹೆಸರಿಡಬೇಡಿ, ‘ಅ’ ಮತ್ತು ‘ಆ’ ಸಾಕು, ಅದರಲ್ಲೂ ಕೆಲವರಿಗೆ ಅದಲುಬದಲು ಮಾಡಿ ಕಳಿಸಿ. ಆಗಲೂ ಹೊಸದೇ ಗೆದ್ದರೆ ನಂಬಿ. ಇಷ್ಟದ ಹಾಡೊಂದರ ಜೊತೆ ನಿಮ್ಮದನ್ನು ಹೋಲಿಸುವಾಗಲೂ ಇದೇ ಮಾತು. ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಆದ ಹಾಡು ಜೋರಾಗೇ ಇರುತ್ತದೆ, ಅದನ್ನು ಇಳಿಸಿ ಹೋಲಿಸಿ.

ಪ್ರಶ್ನೆ: ‘ಖಾಲಿ ಕೋಣೆಯಲ್ಲಿ ಹಾಡಿದ ಹಾಗಿದೆ’ ಅಂತ ಎಲ್ಲರೂ ಹೇಳಿದರು. ರಿವರ್ಬ್ ನಾನು ಹಾಕಿಯೇ ಇಲ್ಲ. ಯಾವ ಪ್ಲಗಿನ್ ಬಳಸಲಿ?

ಉತ್ತರ: ಯಾವುದೂ ಬೇಡ. ಮತ್ತೆ ಹಾಡಿ. ಬೆನ್ನ ಹಿಂದೆ ದಪ್ಪ ರಜಾಯಿ ಕಟ್ಟಿ, ಮೈಕಿಗೆ ಒಂದು ಗೇಣಿನಷ್ಟು ಹತ್ತಿರ ನಿಲ್ಲಿ.

ಪ್ರಶ್ನೆ: ತಿದ್ದುತ್ತಲೇ ಇದ್ದೇನೆ. ಎಲ್ಲಿಗೆ ನಿಲ್ಲಿಸಬೇಕು?

ಉತ್ತರ: ದೂರುಗಳು ಒಂದೇ ಜಾಗದಲ್ಲಿ ಗುಂಪಾಗಿ ಬರುತ್ತಿದ್ದರೆ ತಿದ್ದಿ. ಒಬ್ಬರಿಗೆ ಬೇಸ್ ಜಾಸ್ತಿ, ಇನ್ನೊಬ್ಬರಿಗೆ ಕಡಿಮೆ, ಇಬ್ಬರೂ ಒಂದೇ ಥರದ ಇಯರ್‌ಫೋನಿನಲ್ಲಿ ಕೇಳಿದವರು ಅಂದರೆ ಅದು ರುಚಿಯ ವಿಷಯ, ನಿಮ್ಮ ರುಚಿಗೆ ಬಿಡಿ. ಜನ ‘ಎರಡನೇ ಚರಣ ಉದ್ದ ಆಯ್ತು’, ‘ಆ ಸಾಲು ಇಷ್ಟ ಆಗಲಿಲ್ಲ’ ಅಂತ ಶುರುಮಾಡಿದರೆ ಅವರು ಮಿಕ್ಸ್ ಮರೆತು ಹಾಡನ್ನು ಕೇಳುತ್ತಿದ್ದಾರೆ. ಫೇಡರ್‌ಗಳಿಂದ ಕೈ ತೆಗೆದು ಎಕ್ಸ್‌ಪೋರ್ಟ್ ಒತ್ತಿ. ಚರಣ ನಿಜವಾಗಿಯೂ ಉದ್ದವಾಗಿದ್ದರೆ ಅದು ಮುಂದಿನ ಹಾಡಿನ ಕೆಲಸ.