ಕೇಳದೇ ಬಂದ ಅಪ್‌ಡೇಟ್, ಯಾರದೋ ಮೇಲೆ ಸಿಟ್ಟು

ತುಮಕೂರಿನಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುವವರು, ಐವತ್ತು ದಾಟಿದವರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಆಪ್ತಸಲಹೆಗೆಂದು ನನ್ನ ಬಳಿ ಕರೆತಂದದ್ದು ಹೆಂಡತಿ. "ಪ್ರೆಸ್‌ನಲ್ಲಿ ಬರೀ ಕೂಗಾಟ, ಮನೇಲಿ ಮಾತೇ ಇಲ್ಲ. ಮಧ್ಯರಾತ್ರಿ ಎದ್ದು ಕೂತಿರ್ತಾರೆ" ಎಂದರು. ಯಜಮಾನರು ಏನೂ ಹೇಳದೆ ಒಂದು ಲಗ್ನಪತ್ರಿಕೆ ತೆಗೆದು ನನ್ನ ಮೇಜಿನ ಮೇಲಿಟ್ಟರು.

ಚಿನ್ನದ ಬಣ್ಣದ ಗಣಪತಿ, ಕೆಳಗೆ ವಧುವಿನ ಹೆಸರು. ಲಕ್ಷ್ಮೀ ಅಂತಿರಬೇಕಾದದ್ದು ಲಕ್‌ಷ್‌ಮೀ ಅಂತ ತುಂಡುತುಂಡಾಗಿ ಅಚ್ಚಾಗಿತ್ತು. ಮದುವೆ ಮನೆಯವರಿಗೆ ಅದು ಬರೀ ತಪ್ಪಲ್ಲ, ಅಪಶಕುನ. ಕಾರ್ಡಿನ ಕಟ್ಟನ್ನು ಅಲ್ಲೇ ಬಿಟ್ಟು ಹೋದರಂತೆ.

ಪುಟವಿನ್ಯಾಸದ ಸಾಫ್ಟ್‌ವೇರ್ ಹಿಂದಿನ ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಹಳೆಯ ಸೆಟ್ಟಿಂಗ್ ಯಾವುದೂ ಹೊಸದಕ್ಕೆ ಬಂದಿರಲಿಲ್ಲ. ಯೂನಿಕೋಡ್ ಕನ್ನಡಕ್ಕೆ ಅದರಲ್ಲಿ ಬೇರೆಯದೇ ಕಂಪೋಸರ್ (ಅಕ್ಷರ ಜೋಡಿಸುವ ವ್ಯವಸ್ಥೆ) ಆರಿಸಿರಬೇಕು, ಇಲ್ಲದಿದ್ದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ಸೀಸನ್ನಿನ ಅವಸರ, ಪಕ್ಕದಲ್ಲೇ ಸಿದ್ಧಗಂಗಾ ಜಾತ್ರೆಯ ಬ್ಯಾನರ್‌ಗಳು. ಯಾರೂ ಗಮನಿಸದೆ ಅಚ್ಚಿನ ಪ್ಲೇಟ್ ಆಯಿತು, ಅಚ್ಚೂ ಆಯಿತು. "ಅಪ್‌ಡೇಟ್ ಒತ್ತಿದ್ದು ನೀನೇ" ಅಂತ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಹುಡುಗಿಯ ಮೇಲೆ ಗಿರಾಕಿಗಳೆದುರೇ ರೇಗಾಡಿದರು. ಅವಳು ಒತ್ತಿರಲಿಲ್ಲ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ವಯಸ್ಸಾದವರು ಹೊಸದಕ್ಕೆ ಒಗ್ಗೋದಿಲ್ಲ ಅಂತ ಷರಾ ಬರೆದು ಮುಗಿಸಬಹುದಿತ್ತು. ಆದರೆ ಇವರು ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಕೆಲಸ ಕಲಿತವರು. ಆಮೇಲೆ ಪೇಜ್‌ಮೇಕರ್, ಆಫ್‌ಸೆಟ್, ಫ್ಲೆಕ್ಸ್ ಎಲ್ಲಕ್ಕೂ ಕೈ ಹಾಕಿದ್ದಾರೆ. ಹಳೆಯ ನುಡಿ ಫಾಂಟ್ ಬಿಟ್ಟು ಯೂನಿಕೋಡ್‌ಗೂ ಬಂದಿದ್ದಾರೆ. ಪ್ರತಿ ಸಲವೂ ಮದುವೆ ಕೆಲಸ ಇಲ್ಲದ ಆಷಾಢದಲ್ಲಿ ಕಲಿತು ಶ್ರಾವಣಕ್ಕೆ ರೆಡಿ. ಇಂಥವರಿಗೆ ಬದಲಾವಣೆ ಅಂದರೆ ಭಯ ಅನ್ನೋಕಾಗುತ್ತಾ?

"ಸಾಫ್ಟ್‌ವೇರ್‌ಗೆ ತಿಂಗಳ ಬಾಡಿಗೆ ಕಟ್ಟೋನು ನಾನು ಮೇಡಂ. ಬೆಳಿಗ್ಗೆ ಬಂದ್ರೆ ಯಾರೋ ಅಡುಗೆಮನೆ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿಟ್ಟಂಗಿರುತ್ತೆ. ಒಂದು ಮಾತು ಕೇಳೋದು ಬೇಡ್ವಾ?"

ನನಗಂತೂ ಈ ಸಿಟ್ಟು ನ್ಯಾಯವಾಗಿಯೇ ಕಂಡಿತು. ತಪ್ಪಿಸಬಹುದಾದ ತೊಂದರೆಯನ್ನು ಸುಮ್ನೆ ಸಹಿಸಿಕೊಳ್ಳಿ ಅಂತ ಹೇಳಿಕೊಡಲು ನನಗೆ ಮನಸ್ಸಿಲ್ಲ. ಧ್ಯಾನ, ಉಸಿರಾಟ ಎಲ್ಲ ಆಮೇಲೆ ಅಂದೆ. ಕಂಪ್ಯೂಟರ್ ಗೊತ್ತಿರುವ ಅವರ ಅಣ್ಣನ ಮಗನನ್ನು ಮುಂದಿನ ಭೇಟಿಗೆ ಕರೆಸಿ, ಮೂವರೂ ಕೂತು ಚೀಟಿ ಬರೆದೆವು. ಸಾಫ್ಟ್‌ವೇರಿನ ಆಟೋ ಅಪ್‌ಡೇಟ್ ಆಫ್. ಹೊಸ ಆವೃತ್ತಿ ಹಾಕುವಾಗ ಹಳೆಯ ಸೆಟ್ಟಿಂಗ್ ತರುವ ಆಯ್ಕೆಗೆ ಟಿಕ್ ಇರಬೇಕು, ಹಳೆಯ ಆವೃತ್ತಿ ಅಳಿಸುವ ಆಯ್ಕೆಗೆ ಇರಬಾರದು. ಶಾರ್ಟ್‌ಕಟ್‌ಗಳ ಫೈಲ್ ಪೆನ್‌ಡ್ರೈವ್‌ನಲ್ಲಿ. ಅಪ್‌ಡೇಟ್ ಏನಿದ್ದರೂ ಆಷಾಢದಲ್ಲಿ, ಒಂದು ಹಳೇ ಕೆಲಸ ತೆರೆದು ನೋಡಿದ ಮೇಲೆ. ವಿಂಡೋಸ್ ಅಪ್‌ಡೇಟ್ ಮಾತ್ರ ಪೂರ್ತಿ ನಿಲ್ಲಿಸುವಂತಿಲ್ಲ, ಅದರಲ್ಲಿ ಭದ್ರತೆಯದ್ದೂ ಇರುತ್ತದೆ. ಅದನ್ನು 5 ವಾರದವರೆಗೆ ಮುಂದೂಡಬಹುದು, ಸೀಸನ್ನಿನ ಬಿಸಿ ಕಳೆಯೋಕೆ ಅಷ್ಟು ಸಾಕು.

ಕಷ್ಟದ ಮಾತು ಆಮೇಲೆ ಬಂತು. "ಅಪ್‌ಡೇಟ್ ಆಗಿದ್ದು ನಿಮ್ಮ ತಪ್ಪಲ್ಲ. ಪ್ರೂಫ್ ನೋಡದೆ ಪ್ಲೇಟ್‌ಗೆ ಕಳಿಸಿದ್ದು, ಆ ಹುಡುಗಿ ಮೇಲೆ ರೇಗಿದ್ದು ನಿಮ್ಮದು." ತುಂಬಾ ಹೊತ್ತು ಮಾತಾಡಲಿಲ್ಲ. ಕಂಪನಿಯವರು ಕೈಗೆ ಸಿಗೋದಿಲ್ಲ, ಅವಳು ಎದುರಿಗಿದ್ದಳು, ಅಷ್ಟೇ ಅಂತ ಕೊನೆಗೆ ಅವರೇ ಹೇಳಿದರು. ಕ್ಷಮೆ ಕೇಳುವಾಗ ಸಾಫ್ಟ್‌ವೇರ್ ಕಥೆ ತರಬೇಡಿ ಎಂದೆ. "ನೀನು ಒತ್ತಿರಲಿಲ್ಲ. ಎಲ್ಲರೆದುರು ಕೂಗಿದ್ದು ನನ್ನ ತಪ್ಪು." ಇಷ್ಟೇ ಮಾತು, ಅದೂ ಪ್ರೆಸ್‌ನ ಬಾಕಿಯವರು ಇರುವಾಗಲೇ.

ನಿದ್ದೆ ಕೆಟ್ಟಿದ್ದರಿಂದ ಬಿಪಿ ನೋಡಿಸಿಕೊಳ್ಳಲು ಹೇಳಿದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದೆ. ರೇಗು ಏರಿದಾಗ ಕುರ್ಚಿ ಬಿಟ್ಟು ಹೊರಗೆ ಟೀ ಕುಡಿಯಲು ಹೋಗುವುದು ಅವರೇ ಕಂಡುಕೊಂಡ ಉಪಾಯ.

ಹುಡುಗಿ ವಾಪಸ್ ಬಂದಿದ್ದಾಳೆ, ಒಂದು ಷರತ್ತಿನ ಮೇಲೆ: ಅಪ್‌ಡೇಟ್ ಯಾವಾಗ ಅಂತ ತೀರ್ಮಾನಿಸೋದು ಅವಳು. ಯಜಮಾನರು ಗೊಣಗಿಕೊಂಡೇ ಒಪ್ಪಿದ್ದಾರೆ.