ಕಡಲಿಗಿಳಿಯುವ ಮುನ್ನ

ಪ್ರಶ್ನೆ: ಮಳೆಗಾಲದ ಮೀನುಗಾರಿಕಾ ನಿಷೇಧ ಜುಲೈ 31ಕ್ಕೆ ಮುಗಿದ ಬಳಿಕ ನಮ್ಮ ಟ್ರಾಲ್ ಬೋಟ್ ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಡಲಿದೆ. ಎರಡು ತಿಂಗಳು ಮೂಲೆಯಲ್ಲಿದ್ದ ಲೈಫ್ ಜಾಕೆಟ್‌ಗಳನ್ನು ಹಾಗೆಯೇ ಬಳಸಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಪರೀಕ್ಷಿಸದೆ ಬಳಸಬೇಡಿ. ತೇವದಿಂದ ಹೊಲಿಗೆ ಶಿಥಿಲವಾಗಿ, ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುವ ಜಾಕೆಟ್ ಎಳೆದಾಗ ಕಿತ್ತುಬರಬಹುದಾದ್ದರಿಂದ, ಪ್ರತಿಯೊಂದರ ಪಟ್ಟಿ ಮತ್ತು ಬಕಲ್‌ಗಳನ್ನು ಬಲವಾಗಿ ಜಗ್ಗಿ ನೋಡಿ, ಒಳಗಿನ ಫೋಮ್ ಪುಡಿಯಾಗುತ್ತಿದ್ದರೆ ಅಥವಾ ನೀರು ಹೀರಿ ಭಾರವಾಗಿದ್ದರೆ ಬದಲಾಯಿಸಿ. ಅವುಗಳನ್ನು ಬಲೆಯ ರಾಶಿಯಡಿ ತುರುಕಿಡುವ ರೂಢಿಯಂತೂ ಜಾಕೆಟ್ ಇಲ್ಲದಿರುವುದಕ್ಕೆ ಸಮ. ಉರಿದು ಬೆಳಕು ಚೆಲ್ಲುವ ಅಪಾಯಸೂಚಕ ಫ್ಲೇರ್‌ಗಳ ಮೇಲೆ ಮುದ್ರಿಸಿದ ಅವಧಿ ಮುಗಿದಿದ್ದರೆ ಹೊಸದನ್ನು ತನ್ನಿ. ವಿಎಚ್‌ಎಫ್ ರೇಡಿಯೊ ಸೆಟ್ಟನ್ನು ಬಂದರಿನಲ್ಲೇ ಪಕ್ಕದ ಬೋಟಿನೊಡನೆ ಮಾತನಾಡಿ ಪರೀಕ್ಷಿಸಿ. ಆದರೆ ಅಪಾಯದ ಕರೆಗಳಿಗೆಂದಿರುವ 16ನೇ ಚಾನೆಲ್‌ನಲ್ಲಿ ಹರಟೆ ಬೇಡ. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554 ಅನ್ನು, ತಂಡದಲ್ಲಿರುವ ಹೊರರಾಜ್ಯದ ಕಾರ್ಮಿಕರಿಗೂ ಅರ್ಥವಾಗುವಂತೆ, ಚುಕ್ಕಾಣಿಯ ಬಳಿ ಬರೆದಿಡಿ.